ಸೈಟೇಶನ್ ಜಾಸ್ತಿ ಇದ್ರೆ ದೊಡ್ಡ ಡಾಕ್ಟರಾ? ಕಿದ್ವಾಯಿಯ ಒಂದು ಲೆಕ್ಕದ ಪುಸ್ತಕ ಹೇಳುವ ಉತ್ತರ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಎಪಿಸೋಡ್ ಒಂದು ನಂಬರ್ ಬಗ್ಗೆ.

ಪ್ರತಿ ವರ್ಷ ಸೆಪ್ಟೆಂಬರ್ ಆಸುಪಾಸಿಗೆ ಒಂದು ಸುದ್ದಿ ಬಂದೇ ಬರತ್ತೆ. "ವಿಶ್ವದ ಟಾಪ್ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಊರಿನ ವೈದ್ಯ." ಅಪಾರ್ಟ್‌ಮೆಂಟ್ ಗ್ರೂಪು, ಕಾಲೇಜ್ ಗ್ರೂಪು, ಕೊನೆಗೆ ಫ್ಯಾಮಿಲಿ ಗ್ರೂಪಿಗೂ ಅದು ಫಾರ್ವರ್ಡ್ ಆಗತ್ತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಅವರ ಜೊತೆಗಾರರು 2019ರಲ್ಲಿ ಶುರು ಮಾಡಿದ ಪಟ್ಟಿ ಅದು. ಸ್ಕೋಪಸ್ ಅನ್ನೋ ಡೇಟಾಬೇಸ್‌ನಲ್ಲಿರುವ ಸೈಟೇಶನ್‌ಗಳ ಲೆಕ್ಕದ ಮೇಲೆ ಅದು ನಿಂತಿದೆ.

ಇದರಲ್ಲಿ ತಪ್ಪೇನಿಲ್ಲ. ಆದ್ರೆ ನಮ್ಮ ಕೇಳುಗರೊಬ್ಬರು ಈ ಸುದ್ದಿ ನೋಡಿ ನನಗೊಂದು ಪ್ರಶ್ನೆ ಕಳಿಸಿದ್ರು. ಅವರ ಮನೆಯಲ್ಲಿ ಒಬ್ಬರಿಗೆ ಬಾಯಿ ಕ್ಯಾನ್ಸರ್ ಅಂತ ಈಗಷ್ಟೇ ಗೊತ್ತಾಗಿದೆ. ಇಬ್ಬರು ಡಾಕ್ಟರ್‌ಗಳ ಹೆಸರು ಸಿಕ್ಕಿದೆ. ಗೂಗಲ್ ಸ್ಕಾಲರ್‌ನಲ್ಲಿ ನೋಡಿದ್ರೆ ಒಬ್ಬರಿಗೆ ಸಾವಿರಾರು ಸೈಟೇಶನ್, ಇನ್ನೊಬ್ಬರಿಗೆ ಪ್ರೊಫೈಲೇ ಇಲ್ಲ. "ಮೊದಲನೆಯವರ ಹತ್ರಾನೇ ಹೋಗೋದು ಸರಿ ಅಲ್ವಾ?" ಅಂತ ಕೇಳಿದ್ದಾರೆ.

ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಯಾರ ಹತ್ರ ಹೋಗಿ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೆ ಒಂದು ನಂಬರ್ ಏನನ್ನ ಅಳೆಯತ್ತೆ, ಏನನ್ನ ಅಳೆಯಲ್ಲ ಅಂತ ಬಿಡಿಸಿ ನೋಡೋದು ನಾವು ಕಾಮರ್ಸ್‌ನವರು ಕಲಿತಿರೋ ಕೆಲಸ. ಅದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಜಯನಗರದಿಂದಲೋ ಬಿಟಿಎಂನಿಂದಲೋ ಡೈರಿ ಸರ್ಕಲ್ ದಾಟಿ ಹೊಸೂರು ರೋಡ್ ಹಿಡಿದ್ರೆ ನಿಮ್ಹಾನ್ಸ್, ಪಕ್ಕದಲ್ಲೇ ಕಿದ್ವಾಯಿ. ಆ ಕಾಂಪೌಂಡ್ ಒಳಗೆ ಕೆಲಸ ಮಾಡಿದ ಒಬ್ಬ ಕ್ಯಾನ್ಸರ್ ತಜ್ಞರ ಸಂಶೋಧನೆ ಇವತ್ತಿನ ಕೇಸ್. ಹೆಸರು ಡಾ. ಎ. ನಂದಕುಮಾರ್.

ಮೊದಲು, ಸೈಟೇಶನ್ ಅಂದ್ರೇನು

ಒಬ್ಬ ಸಂಶೋಧಕ ಪೇಪರ್ ಬರೀತಾನೆ. ಮುಂದೆ ಇನ್ನೊಬ್ಬರು ತಮ್ಮ ಪೇಪರ್‌ನಲ್ಲಿ "ಈ ಮಾತನ್ನ ಇವರು ಮೊದಲೇ ಹೇಳಿದ್ದಾರೆ ನೋಡಿ" ಅಂತ ಅದನ್ನ ಉಲ್ಲೇಖ ಮಾಡ್ತಾರೆ. ಆ ಒಂದು ಉಲ್ಲೇಖಕ್ಕೆ ಒಂದು ಸೈಟೇಶನ್. ಲೆಡ್ಜರ್‌ನಲ್ಲಿ ಒಂದು ಎಂಟ್ರಿ ಬಿದ್ದ ಹಾಗೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಈ ಎಂಟ್ರಿಗಳನ್ನೆಲ್ಲ ಸೇರಿಸಿ ಒಂದು ದೊಡ್ಡ ಸೂಚಿ ತಂದರು. ಆಗ ಅದರ ಉದ್ದೇಶ ಯಾರು ದೊಡ್ಡವರು ಅಂತ ತೀರ್ಮಾನ ಮಾಡೋದಲ್ಲ. ಒಂದು ಪೇಪರ್ ಸಿಕ್ಕಿದ್ರೆ ಅದಕ್ಕೆ ಸಂಬಂಧಪಟ್ಟ ಇನ್ನೊಂದನ್ನ ಹುಡುಕೋಕೆ ದಾರಿ ಮಾಡಿಕೊಡೋದು. ರ‍್ಯಾಂಕ್ ಹಾಕೋ ಚಟ ಆಮೇಲೆ ಹತ್ತಿದ್ದು.

ಎಚ್-ಇಂಡೆಕ್ಸ್ ಅನ್ನೋ ಮಾತೂ ಕೇಳಿರ್ತೀರ. 2005ರಲ್ಲಿ ಜಾರ್ಜ್ ಹರ್ಶ್ ಅನ್ನೋ ಭೌತವಿಜ್ಞಾನಿ ಕೊಟ್ಟ ಅಳತೆ. ಕ್ರಿಕೆಟ್‌ನಲ್ಲಿ ಹೇಳ್ತೀನಿ. ಒಬ್ಬ ಬ್ಯಾಟ್ಸ್‌ಮನ್ ಕನಿಷ್ಠ 20 ಇನಿಂಗ್ಸ್‌ನಲ್ಲಿ ತಲಾ 20 ರನ್‌ಗಿಂತ ಕಮ್ಮಿ ಇಲ್ಲದೆ ಹೊಡೆದಿದ್ರೆ ಅವನ ಎಚ್ 20. ಇನ್ನೊಬ್ಬ ಒಂದೇ ಒಂದು ಇನಿಂಗ್ಸ್ ಆಡಿ 400 ಹೊಡೆದು ಮನೆಗೆ ಹೋದ್ರೆ ಅವನ ಎಚ್ ಬರೀ 1. ರನ್ ಜಾಗದಲ್ಲಿ ಸೈಟೇಶನ್, ಇನಿಂಗ್ಸ್ ಜಾಗದಲ್ಲಿ ಪೇಪರ್ ಹಾಕ್ಕೊಳ್ಳಿ. ಸತತವಾಗಿ ಬರೆಯೋರಿಗೆ ಈ ಅಳತೆ ಒಲಿಯತ್ತೆ. ಒಂದೇ ಒಂದು ದೊಡ್ಡ ಕೆಲಸ ಮಾಡಿದವರಿಗೆ ಒಲಿಯಲ್ಲ.

ಮೂರನೇದು ಇಂಪ್ಯಾಕ್ಟ್ ಫ್ಯಾಕ್ಟರ್. ಇದು ಪತ್ರಿಕೆಯ ನಂಬರ್, ಡಾಕ್ಟರ್‌ದಲ್ಲ. ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳನ್ನ ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖ ಮಾಡಿದ್ದಾರೆ ಅನ್ನೋದು ಅದರ ಲೆಕ್ಕ. ಒಳ್ಳೆ ಕಾಲೇಜಿನಲ್ಲಿ ಓದಿದವರೆಲ್ಲ ರ‍್ಯಾಂಕ್ ಬಂದವರಲ್ಲ, ಹಾಗೇ ಇದು.

ಕಿದ್ವಾಯಿ ಮತ್ತು ಎಣಿಸುವ ಕೆಲಸ

ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಶುರುವಾಗಿದ್ದು 1973ರಲ್ಲಿ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಅದಕ್ಕೆ. ಸ್ಥಾಪಕ ನಿರ್ದೇಶಕರು ಡಾ. ಎಂ. ಕೃಷ್ಣ ಭಾರ್ಗವ. 1980ರಲ್ಲಿ ಕೇಂದ್ರ ಸರ್ಕಾರ ಇದನ್ನ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಅಂತ ಗುರುತಿಸಿತು.

ಆಗ ದೇಶಕ್ಕೊಂದು ಸಮಸ್ಯೆ ಇತ್ತು. ಭಾರತದಲ್ಲಿ ಯಾವ ಕ್ಯಾನ್ಸರ್ ಎಷ್ಟು ಜನಕ್ಕೆ ಬರ್ತಿದೆ ಅಂತ ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಗೆ ಬಂದವರನ್ನ ಎಣಿಸಿದ್ರೆ ಆಗಲ್ವಾ ಅಂದ್ರೆ, ಆಗಲ್ಲ. ಕಿದ್ವಾಯಿ ಒಪಿಡಿ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಕಲಬುರಗಿ, ಬಳ್ಳಾರಿ, ಗಡಿಯಾಚೆಯ ಆಂಧ್ರ, ಎಲ್ಲ ಕಡೆಯಿಂದ ಜನ ಬಂದಿರ್ತಾರೆ. ಇನ್ನೊಂದು ಕಡೆ ಜಯನಗರದ ಕಾಯಿಲೆಯವರು ಬೇರೆ ಯಾವುದೋ ನರ್ಸಿಂಗ್ ಹೋಮ್‌ಗೆ ಹೋಗಿರ್ತಾರೆ. ಹಾಗಾಗಿ ಒಂದು ಆಸ್ಪತ್ರೆಯ ರಿಜಿಸ್ಟರ್ ನೋಡಿ "ಬೆಂಗಳೂರಲ್ಲಿ ಇಷ್ಟು" ಅಂತ ಹೇಳೋಕಾಗಲ್ಲ. ಒಂದು ಬ್ರಾಂಚಿನ ಕ್ಯಾಶ್ ಬುಕ್ ನೋಡಿ ಇಡೀ ಕಂಪನಿಯ ಲಾಭ ಹೇಳಿದ ಹಾಗಾಗತ್ತೆ.

ಇದಕ್ಕೆ ಐಸಿಎಂಆರ್ 1981ರ ಕೊನೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಶುರು ಮಾಡಿತು. ಇಡೀ ನಗರದ ಜನಸಂಖ್ಯೆಯನ್ನ ಆಧಾರವಾಗಿಟ್ಟುಕೊಂಡು ಎಣಿಸೋಕೆ ಮೊದಲು ಆರಿಸಿಕೊಂಡಿದ್ದು ಮೂರು ಊರು: ಬಾಂಬೆ, ಮದ್ರಾಸ್, ಬೆಂಗಳೂರು. 1982ರಿಂದ ಲೆಕ್ಕ ಶುರುವಾಯ್ತು. ಬೆಂಗಳೂರಿನ ರಿಜಿಸ್ಟ್ರಿ ಕೂತಿದ್ದು ಕಿದ್ವಾಯಿಯಲ್ಲಿ. ಆ ರಿಜಿಸ್ಟ್ರಿಯ ಮೊದಲ ದಶಕದ ಪ್ರಮುಖ ಪೇಪರ್‌ಗಳಲ್ಲಿ ಮೊದಲ ಹೆಸರು ನಂದಕುಮಾರ್ ಅವರದ್ದು. ಅವರು ಸರ್ಜನ್ ಅಲ್ಲ, ಎಪಿಡೆಮಿಯಾಲಜಿಸ್ಟ್. ಅಂದ್ರೆ ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರತ್ತೆ ಅಂತ ಜನರ ನಡುವೆ ಹುಡುಕುವವರು.

ಈ ಕೆಲಸ ಹೇಗೆ ನಡೆಯತ್ತೆ ಗೊತ್ತಾ? ಆಸ್ಪತ್ರೆಗಳು ತಾವಾಗೇ ಪಟ್ಟಿ ಕಳಿಸ್ತಾರೆ ಅಂತ ಕಾಯ್ಕೊಂಡು ಕೂರೋಕಾಗಲ್ಲ. ರಿಜಿಸ್ಟ್ರಿಯ ಸಿಬ್ಬಂದಿಯೇ ಆಸ್ಪತ್ರೆ, ನರ್ಸಿಂಗ್ ಹೋಮ್, ಪೆಥಾಲಜಿ ಲ್ಯಾಬ್ ಅಂತ ಸುತ್ತಬೇಕು. ಕೇಸ್ ಶೀಟ್ ತೆಗೆಸಿ ಹೆಸರು, ವಯಸ್ಸು, ವಿಳಾಸ, ಯಾವ ಅಂಗದ ಕ್ಯಾನ್ಸರ್, ಬಯಾಪ್ಸಿ ಏನು ಹೇಳಿದೆ ಅಂತ ಬರ್ಕೋಬೇಕು. ಆ ವ್ಯಕ್ತಿ ಕನಿಷ್ಠ ಒಂದು ವರ್ಷದಿಂದ ಬೆಂಗಳೂರಲ್ಲಿ ವಾಸ ಇದ್ದಾರಾ, ಇಲ್ಲಾ ಚಿಕಿತ್ಸೆಗೆ ಅಂತ ನೆಂಟರ ಮನೆಯಲ್ಲಿ ಉಳಿದಿದ್ದಾರಾ ಅಂತ ಖಚಿತ ಮಾಡ್ಕೋಬೇಕು. ಪಾಲಿಕೆಯ ಮರಣ ದಾಖಲೆಗಳನ್ನ ತಾಳೆ ನೋಡಬೇಕು.

ಆಮೇಲೆ ಡೂಪ್ಲಿಕೇಟ್ ಕಾಟ. ಒಬ್ಬರೇ ಲಕ್ಷ್ಮಮ್ಮ ಒಂದು ಕಡೆ ಬಯಾಪ್ಸಿ, ಇನ್ನೊಂದು ಕಡೆ ಆಪರೇಷನ್, ಮೂರನೇ ಕಡೆ ರೇಡಿಯೇಶನ್ ಮಾಡಿಸಿಕೊಂಡಿರ್ತಾರೆ. ಒಂದು ಕಡೆ ಲಕ್ಷ್ಮಮ್ಮ, ಒಂದು ಕಡೆ ಲಕ್ಷ್ಮೀದೇವಿ, ಒಂದು ಕಡೆ ವಯಸ್ಸು 50, ಇನ್ನೊಂದು ಕಡೆ 55. ಇವರು ಮೂರು ಜನಾನಾ, ಒಬ್ಬರೇನಾ? ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡಿದವರಿಗೆ ಈ ತಲೆನೋವು ಅರ್ಥ ಆಗತ್ತೆ. ಇಲ್ಲಿ ವ್ಯತ್ಯಾಸ ಏನಂದ್ರೆ, ಪ್ರತಿ ಎಂಟ್ರಿಯ ಹಿಂದೆ ಒಂದು ಮನೆ ಇದೆ.

ಈ ಲೆಕ್ಕದಿಂದಲೇ ನಮಗೆ ಗೊತ್ತಾಗಿದ್ದು, ಬೆಂಗಳೂರಿನ ಹೆಣ್ಣುಮಕ್ಕಳಲ್ಲಿ ಮೊದಲು ಮುಂದಿದ್ದದ್ದು ಗರ್ಭಕಂಠದ ಕ್ಯಾನ್ಸರ್, ಆಮೇಲಿನ ದಶಕಗಳಲ್ಲಿ ಸ್ತನ ಕ್ಯಾನ್ಸರ್ ಅದನ್ನ ಹಿಂದಕ್ಕೆ ಹಾಕಿತು ಅಂತ. ಯಾವ ತಪಾಸಣೆಗೆ ಎಷ್ಟು ದುಡ್ಡು ಇಡಬೇಕು ಅಂತ ಸರ್ಕಾರ ಯೋಚಿಸೋಕೆ ಬೇಕಾಗೋದು ಇಂಥ ಮಾಹಿತಿ.

1990ರ ಒಂದು ಪೇಪರ್: ಹೊಗೆಸೊಪ್ಪು ಮತ್ತು ರಾಗಿ

ಈಗ ಒಂದು ಪೇಪರನ್ನ ಬಿಚ್ಚಿ ನೋಡೋಣ. 1990ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಬಂದಿದ್ದು. ವಿಷಯ ಬೆಂಗಳೂರಿನ ಬಾಯಿ ಕ್ಯಾನ್ಸರ್. ಮೊದಲ ಹೆಸರು ನಂದಕುಮಾರ್, ಕೊನೆಯ ಹೆಸರು ಭಾರ್ಗವ. ಇಂಟರ್‌ನೆಟ್‌ನಲ್ಲಿ ಫ್ರೀಯಾಗಿ ಸಿಗತ್ತೆ, ಮೊಬೈಲ್‌ನಲ್ಲೇ ಓದಬಹುದು.

ಅವರು ಮಾಡಿದ್ದಿಷ್ಟು. ರಿಜಿಸ್ಟ್ರಿಯಲ್ಲಿದ್ದ ಬಾಯಿ ಕ್ಯಾನ್ಸರ್‌ನ 348 ಜನರನ್ನ ತಗೊಂಡ್ರು. ಅದೇ ಬಡಾವಣೆಯ, ಅದೇ ವಯಸ್ಸಿನ, ಕ್ಯಾನ್ಸರ್ ಇಲ್ಲದ ಇನ್ನೊಂದು ಗುಂಪನ್ನ ಜೋಡಿಸಿದ್ರು. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಇಬ್ಬರ ಅಭ್ಯಾಸಗಳನ್ನೂ ಕೇಳಿ ಹೋಲಿಸಿದ್ರು.

ಫಲಿತಾಂಶ ನೋಡಿ. ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿಯುವ ಹೆಂಗಸರಲ್ಲಿ, ಜಗಿಯದವರಿಗಿಂತ ಅಪಾಯ 25 ಪಟ್ಟು ಹೆಚ್ಚು. ಇದು ಒಂದು ಅಂದಾಜು, ನಿಜವಾದ ಸಂಖ್ಯೆ ಸುಮಾರು 11ರಿಂದ 57ರ ನಡುವೆ ಎಲ್ಲೋ ಇರಬಹುದು ಅಂತ ಪೇಪರೇ ಹೇಳತ್ತೆ. ಆ ಅಂತರ ದೊಡ್ಡದು, ಆದ್ರೆ ಕಮ್ಮಿ ಅಂದ್ರೂ 11 ಪಟ್ಟು. ಎಷ್ಟು ವರ್ಷ ಜಗಿದ್ರು, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿ ಇಟ್ಕೊಂಡ್ರು, ಎಲ್ಲದರ ಜೊತೆಗೂ ಅಪಾಯ ಏರ್ತಾ ಹೋಗತ್ತೆ. ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸ ಇದ್ದವರಲ್ಲೂ ಅಪಾಯ ತುಂಬಾ ಜಾಸ್ತಿ ಕಂಡಿತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಜ್ಜಿಯಂದಿರಿಗೆ ಆ ಅಭ್ಯಾಸ ಇತ್ತು ಅಂತ ನೆನೆಸಿಕೊಳ್ಳಿ.

ಇಲ್ಲಿಗೆ ಮುಗಿದಿದ್ರೆ ಸರಳವಾಗಿರ್ತಿತ್ತು. ಆದ್ರೆ ಅದೇ ಪೇಪರ್ ಇನ್ನೊಂದು ಹೊಸ ಮಾತನ್ನೂ ಹೇಳಿತು. ರಾಗಿಯನ್ನ ಮುಖ್ಯ ಆಹಾರವಾಗಿ ತಿನ್ನುವವರಲ್ಲಿ ಬಾಯಿ ಕ್ಯಾನ್ಸರ್‌ನ ಅಪಾಯ ಹೆಚ್ಚು ಕಂಡಿದೆ ಅಂತ!

ಗಾಬರಿ ಬೇಡ, ಮುದ್ದೆ ತಟ್ಟೆ ಪಕ್ಕಕ್ಕೆ ಸರಿಸಬೇಡಿ. ಸೈಟೇಶನ್ ಅರ್ಥ ಮಾಡ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಪಾಠ ಸಿಗಲ್ಲ. ಇಂಥ ಅಧ್ಯಯನ ತೋರಿಸೋದು ಎರಡು ಸಂಗತಿ ಒಟ್ಟಿಗೆ ಕಾಣಿಸ್ತಿವೆ ಅಂತ. ಒಂದರಿಂದ ಇನ್ನೊಂದು ಆಯ್ತು ಅಂತ ಅದು ಸಾಬೀತು ಮಾಡಲ್ಲ. 80ರ ದಶಕದ ಬೆಂಗಳೂರಲ್ಲಿ ಮೂರು ಹೊತ್ತೂ ರಾಗಿ ತಿಂತಿದ್ದವರು ಯಾರು? ಬಡವರು, ಹಳ್ಳಿಯಿಂದ ಬಂದ ಕೂಲಿಯವರು ಇರಬಹುದು. ಅವರ ಊಟದಲ್ಲಿ ಹಣ್ಣು, ತರಕಾರಿ ಕಮ್ಮಿ ಇದ್ದಿರಬಹುದು. ಹೊಗೆಸೊಪ್ಪು ಬಳಸುವ ರೀತಿಯೇ ಬೇರೆ ಇದ್ದಿರಬಹುದು. ರಾಗಿ ಇಲ್ಲಿ ಕಾರಣ ಆಗಿರದೆ, ಬಡತನದ ಗುರುತು ಮಾತ್ರ ಆಗಿರಬಹುದು. ಇಂಥ ಒಂದು ಅಧ್ಯಯನದಿಂದ ಅದನ್ನ ಬಿಡಿಸೋಕಾಗಲ್ಲ. ಇವತ್ತಿಗೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ರಾಗಿ ಇಲ್ಲ. ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಇದೆ. 2004ರಲ್ಲಿ ಪ್ರಕಟವಾದ 85ನೇ ಸಂಪುಟದಲ್ಲಿ ಅಡಿಕೆಯನ್ನೂ ಅತ್ಯಂತ ಖಚಿತವಾದ ಮೊದಲ ಗುಂಪಿಗೆ ಸೇರಿಸಿದ್ರು. ಆ ಸಂಪುಟ ಪರಿಶೀಲಿಸಿದ ಅಧ್ಯಯನಗಳಲ್ಲಿ ಬೆಂಗಳೂರಿನ ಈ ಪೇಪರೂ ಒಂದು.

ಈಗ ಸೈಟೇಶನ್‌ಗೆ ಬನ್ನಿ. ಒಬ್ಬರು ಈ ಪೇಪರನ್ನ ಹೊಗೆಸೊಪ್ಪಿನ ಸಾಕ್ಷಿಯಾಗಿ ಉಲ್ಲೇಖ ಮಾಡಬಹುದು. ಇನ್ನೊಬ್ಬರು "ರಾಗಿ ಬಗ್ಗೆ ಹೀಗಂದಿದ್ರು, ಆದ್ರೆ ನಮಗೆ ಅನುಮಾನ ಇದೆ" ಅಂತ ಉಲ್ಲೇಖ ಮಾಡಬಹುದು. ಗೂಗಲ್ ಸ್ಕಾಲರ್‌ಗೆ ಎರಡೂ ಒಂದೇ, ತಲಾ ಒಂದೊಂದು ಎಂಟ್ರಿ. ಹೊಗಳಿಕೆ, ಜಗಳ, ಅನುಮಾನ, ಬರೀ ಶಿಷ್ಟಾಚಾರ, ಎಲ್ಲವೂ ಪ್ಲಸ್ ಒಂದು. ಡೆಬಿಟ್ ಕಾಲಮ್ಮೇ ಇಲ್ಲದ ಲೆಡ್ಜರ್ ಇದು. ನಮ್ಮ ಅಕೌಂಟ್ಸ್ ಮೇಷ್ಟ್ರು ನೋಡಿದ್ರೆ ಹರಿದು ಹಾಕ್ತಿದ್ರು.

ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆ

ಎಣಿಸಿದ ಮೇಲೆ ಮುಂದಿನ ಪ್ರಶ್ನೆ: ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಎಷ್ಟು ಜನ ಬದುಕ್ತಿದ್ದಾರೆ? ಶ್ರೀಮಂತ ದೇಶಗಳಲ್ಲಿ ಇದು ಕಂಪ್ಯೂಟರ್ ಕೆಲಸ. ಕ್ಯಾನ್ಸರ್ ಪಟ್ಟಿಯನ್ನ ಮರಣದ ಪಟ್ಟಿಗೆ ಜೋಡಿಸಿದ್ರೆ ಉತ್ತರ ಬರತ್ತೆ. ನಮ್ಮಲ್ಲಿ ಎಲ್ಲ ಸಾವೂ, ಎಲ್ಲ ಸಾವಿನ ಕಾರಣವೂ ಸರಿಯಾಗಿ ದಾಖಲಾಗ್ತಿರಲಿಲ್ಲ. ಆಸ್ಪತ್ರೆಗೆ ಮತ್ತೆ ಬರದವರು ಗುಣ ಆಗಿ ಮನೆಯಲ್ಲಿದ್ದಾರಾ, ಇಲ್ಲಾ ತೀರಿಕೊಂಡ್ರಾ? ಗೊತ್ತಾಗಬೇಕಂದ್ರೆ ವಿಳಾಸ ಹಿಡ್ಕೊಂಡು ಮನೆಗೇ ಹೋಗಬೇಕು. ಬೆಂಗಳೂರಿನ ರಿಜಿಸ್ಟ್ರಿ ಅದನ್ನೂ ಮಾಡಿತು.

ಹಾಗೆ ಸಿಕ್ಕಿದ ಮಾಹಿತಿಯಿಂದ 1995ರಲ್ಲಿ ನಂದಕುಮಾರ್ ಮತ್ತು ತಂಡ ಎರಡು ಪೇಪರ್ ತಂದರು. ಒಂದು ಗರ್ಭಕಂಠದ ಕ್ಯಾನ್ಸರ್, ಇನ್ನೊಂದು ಸ್ತನ ಕ್ಯಾನ್ಸರ್ ಬಗ್ಗೆ. 80ರ ದಶಕದಲ್ಲಿ ಬೆಂಗಳೂರಲ್ಲಿ ಈ ಎರಡು ಕ್ಯಾನ್ಸರ್ ಬಂದ ಹೆಣ್ಣುಮಕ್ಕಳಲ್ಲಿ ಐದು ವರ್ಷ ದಾಟಿ ಬದುಕಿದವರು ಅರ್ಧಕ್ಕಿಂತ ಕಮ್ಮಿ ಅಂತ ಆಗ ಗೊತ್ತಾಯ್ತು. ಬೇಗ ಪತ್ತೆಯಾದವರು ಹೆಚ್ಚು ಬದುಕಿದ್ರು. ಇವತ್ತು ನಮಗೆ ಇದು ಸಾಮಾನ್ಯ ಮಾತು ಅನ್ನಿಸಬಹುದು. ಆದ್ರೆ ಒಂದು ಭಾರತೀಯ ನಗರದ ಸ್ವಂತ ಅಂಕಿಯಿಂದ ಅದನ್ನ ಹೇಳಿದವರು ಆಗ ಕೈಬೆರಳೆಣಿಕೆಯಷ್ಟು. 1998ರಲ್ಲಿ ಐಎಆರ್‌ಸಿ ಅಭಿವೃದ್ಧಿಶೀಲ ದೇಶಗಳ ಕ್ಯಾನ್ಸರ್ ರೋಗಿಗಳ ಬದುಕುಳಿಯುವಿಕೆ ಬಗ್ಗೆ ಪುಸ್ತಕ ತಂದಾಗ ಅದರಲ್ಲಿ ಬೆಂಗಳೂರಿನ ಅಂಕಿಯೂ ಇತ್ತು.

ಮುಂದೆ ನಂದಕುಮಾರ್ ರಾಷ್ಟ್ರೀಯ ಕಾರ್ಯಕ್ರಮದ ಹೊಣೆ ಹೊತ್ತರು. 2001-02ರ ಮಾಹಿತಿ ಇಟ್ಟುಕೊಂಡು ಭಾರತದ ಕ್ಯಾನ್ಸರ್ ಅಟ್ಲಾಸ್ ತಯಾರಾಯ್ತು. ರಿಜಿಸ್ಟ್ರಿ ಇಲ್ಲದ ಊರುಗಳಲ್ಲಿ ಏನು ಮಾಡೋದು ಅಂದಾಗ, ದೇಶದ ನೂರಕ್ಕೂ ಹೆಚ್ಚು ಪೆಥಾಲಜಿ ಕೇಂದ್ರಗಳಿಂದ ಇಂಟರ್‌ನೆಟ್ ಮೂಲಕ ಮಾಹಿತಿ ತರಿಸಿಕೊಂಡ್ರು. ಸ್ಮಾರ್ಟ್‌ಫೋನ್ ಇಲ್ಲದ, ಸೈಬರ್ ಕೆಫೆ ಕಾಲದಲ್ಲಿ! ಮಿಜೋರಾಂನಲ್ಲಿ ಹೊಟ್ಟೆ ಕ್ಯಾನ್ಸರ್ ಎಷ್ಟು ಹೆಚ್ಚು ಅಂತ ಆ ನಕ್ಷೆ ಎತ್ತಿ ತೋರಿಸಿತು. 2011ರಲ್ಲಿ ಈ ಕೆಲಸಕ್ಕೆ ಐಸಿಎಂಆರ್‌ನದೇ ಒಂದು ಕಾಯಂ ಸಂಸ್ಥೆ ಬೆಂಗಳೂರಲ್ಲಿ ಬಂತು. ಹೆಸರು ಎನ್‌ಸಿಡಿಐಆರ್. ಅದರ ಚುಕ್ಕಾಣಿಯೂ ನಂದಕುಮಾರ್ ಅವರ ಕೈಯಲ್ಲೇ ಇತ್ತು.

ಹಾಗಾದ್ರೆ ಸೈಟೇಶನ್ ಎಲ್ಲಿಗೆ ಹೋಯ್ತು?

ಇಲ್ಲಿದೆ ನೋಡಿ ಅಸಲಿ ವಿಷಯ. ಬೆಂಗಳೂರಿನಂಥ ರಿಜಿಸ್ಟ್ರಿಗಳ ಅಂಕಿ ಐಎಆರ್‌ಸಿಗೆ ಹೋಗತ್ತೆ. ಅಲ್ಲಿ ಎಲ್ಲ ದೇಶಗಳ ಅಂಕಿ ಸೇರಿ ಗ್ಲೋಬೊಕ್ಯಾನ್ ಅನ್ನೋ ಜಾಗತಿಕ ಅಂದಾಜು ಆಗತ್ತೆ. ಆ ಅಂದಾಜಿನ ಸಾರಾಂಶ ಅಮೆರಿಕದ ಒಂದು ಪತ್ರಿಕೆಯಲ್ಲಿ ಲೇಖನವಾಗಿ ಬರತ್ತೆ. ಪತ್ರಿಕೆ ಹೆಸರು ಸಿಎ: ಎ ಕ್ಯಾನ್ಸರ್ ಜರ್ನಲ್ ಫಾರ್ ಕ್ಲಿನಿಶಿಯನ್ಸ್. ಜಗತ್ತಿನಲ್ಲಿ ಕ್ಯಾನ್ಸರ್ ಬಗ್ಗೆ ಪೇಪರ್ ಬರೆಯೋ ಎಷ್ಟೋ ಜನರ ಮೊದಲ ಸಾಲು "ಪ್ರಪಂಚದಲ್ಲಿ ವರ್ಷಕ್ಕೆ ಇಷ್ಟು ಜನಕ್ಕೆ ಕ್ಯಾನ್ಸರ್ ಬರತ್ತೆ" ಅಂತ ಇರತ್ತೆ. ಆ ಸಾಲಿಗೆ ಈ ಲೇಖನದ ಉಲ್ಲೇಖ. ಹಾಗಾಗಿ ಅದಕ್ಕೆ ಹತ್ತಾರು ಸಾವಿರ ಸೈಟೇಶನ್. ಇಂಥ ಅಂಕಿಅಂಶದ ಲೇಖನಗಳ ಬಲದಿಂದಲೇ ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2021ರಲ್ಲಿ 286 ದಾಟಿತ್ತು. ಒಳ್ಳೆ ಹೆಸರಿರುವ ಎಷ್ಟೋ ಪತ್ರಿಕೆಗಳಿಗೆ ಎರಡಂಕಿ ಮುಟ್ಟೋದೇ ಕಷ್ಟ.

ಆ ಲೇಖನದ ಮೇಲೆ ಬೆರಳೆಣಿಕೆಯಷ್ಟು ಹೆಸರುಗಳಿವೆ. ಬೆಂಗಳೂರಲ್ಲಿ ಬಿಸಿಲಲ್ಲಿ ನರ್ಸಿಂಗ್ ಹೋಮ್ ಸುತ್ತಿದವರ ಹೆಸರು ಇಲ್ಲ. ಇದು ಮೋಸ ಅಲ್ಲ, ಅಂದಾಜು ಕಟ್ಟೋದೂ ದೊಡ್ಡ ಕೆಲಸವೇ. ಆದ್ರೆ ಹೋಲ್ಡಿಂಗ್ ಕಂಪನಿಯ ಕನ್ಸಾಲಿಡೇಟೆಡ್ ಬ್ಯಾಲೆನ್ಸ್ ಶೀಟ್ ನೋಡಿದ್ರೆ ಊರೂರಿನ ಬ್ರಾಂಚ್ ಕಾಣಲ್ಲ ಅಲ್ವಾ? ಹಾಗೇ ಇದು. ಮೂಲದಲ್ಲಿ ಎಣಿಸಿದವರ ಕೆಲಸ ಬೇರೆಯವರ ಸೈಟೇಶನ್‌ನಲ್ಲಿ ಕರಗಿಹೋಗತ್ತೆ.

ಇನ್ನೊಂದು ನಮ್ಮದೇ ತಾಪತ್ರಯ ಇದೆ: ಹೆಸರು. ಡೇಟಾಬೇಸ್‌ಗಳು ಹುಟ್ಟಿದ್ದು ಎಲ್ಲರಿಗೂ ಒಂದು ಮನೆತನದ ಹೆಸರು ಇದ್ದೇ ಇರತ್ತೆ ಅನ್ನೋ ಊರಲ್ಲಿ. ನಮ್ಮಲ್ಲಿ ಇನಿಶಿಯಲ್ಲು. ಅದು ಊರೋ, ಅಪ್ಪನ ಹೆಸರೋ ಅವರಿಗೇನು ಗೊತ್ತು? "ನಂದಕುಮಾರ್ ಎ" ಅಂತ ಹುಡುಕಿದ್ರೆ ದಕ್ಷಿಣ ಭಾರತದ ಎಷ್ಟೋ ನಂದಕುಮಾರ್‌ಗಳು ಸಾಲಾಗಿ ಬರ್ತಾರೆ. ಆ 1990ರ ಪೇಪರ್‌ನ ಲೇಖಕರ ಪಟ್ಟಿಯಲ್ಲಿ ರಾಜಣ್ಣ, ಶ್ರೀನಿವಾಸ್ ಅಂತ ಇನಿಶಿಯಲ್ ಕೂಡ ಇಲ್ಲದ ಹೆಸರುಗಳಿವೆ. "ಶ್ರೀನಿವಾಸ್" ಅಂತ ಹುಡುಕಿ ಅವರನ್ನ ಪತ್ತೆ ಮಾಡೋಕಾಗತ್ತಾ? ಬನಶಂಕರಿ ಬಸ್ ಸ್ಟ್ಯಾಂಡಲ್ಲಿ "ಶ್ರೀನಿವಾಸ್" ಅಂತ ಕೂಗಿದ್ರೆ ಹತ್ತು ಜನ ತಿರುಗಿ ನೋಡ್ತಾರೆ. ಸಂಶೋಧಕರಿಗೆ ಆಧಾರ್ ನಂಬರ್ ಥರ ಒಂದು ಗುರುತು ಕೊಡುವ ಆರ್ಕಿಡ್ ವ್ಯವಸ್ಥೆ ಬಂದಿದ್ದು 2012ರಲ್ಲಿ. ಅದಕ್ಕೂ ಮುಂಚೆ ಬರೆದು ನಿವೃತ್ತರಾದವರ ಎಷ್ಟೋ ಲೆಕ್ಕ ಚದುರಿಹೋಗಿದೆ.

ಇನ್ನು, ಒಂದು ಕೆಲಸದ ಪರಿಣಾಮ ಪೇಪರ್‌ಗಳ ಆಚೆಗೂ ಇರತ್ತೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧ ಮಾಡಿತು. ಒಂದು ಪೇಪರ್‌ನಿಂದ ಆಗಿದ್ದಲ್ಲ ಅದು. ದೇಶದ ಹಲವು ಕಡೆ ವರ್ಷಗಟ್ಟಲೆ ಎಣಿಸಿ, ಹೋಲಿಸಿ ಕೂಡಿಟ್ಟ ಸಾಕ್ಷಿ ಅದರ ಹಿಂದೆ ಇತ್ತು. ಪಾನ್ ಮಸಾಲ ಒಂದು ಪ್ಯಾಕೆಟ್, ಹೊಗೆಸೊಪ್ಪು ಇನ್ನೊಂದು ಪ್ಯಾಕೆಟ್ ಅಂತ ಬೇರೆ ಬೇರೆ ಮಾರಿ ಆ ನಿಷೇಧಕ್ಕೆ ಚಳ್ಳೆಹಣ್ಣು ತಿನ್ನಿಸಿದ್ದೂ ನಿಮಗೆ ಗೊತ್ತು. ಆದ್ರೂ, ಸರ್ಕಾರಿ ಆದೇಶ ಸೈಟೇಶನ್ ಅಂತ ಲೆಕ್ಕಕ್ಕೆ ಬರಲ್ಲ. ಅದನ್ನ ಓದಿ ಒಬ್ಬರು ಜಗಿಯೋದು ಬಿಟ್ರೆ ಅದಂತೂ ಯಾವ ಡೇಟಾಬೇಸ್‌ಗೂ ಬರಲ್ಲ.

ಸೈಟೇಶನ್ ಸುಳ್ಳು ಅಂತಲೂ ಅಲ್ಲ

ಹಾಗಂತ ಸೈಟೇಶನ್ ದಂಡ ಅಂತ ಹೇಳ್ತಿಲ್ಲ. ಇನ್ನೊಂದು ಉದಾಹರಣೆ ಕೊಡ್ತೀನಿ. ಬಾಯಿ ಕ್ಯಾನ್ಸರ್ ಶುರುವಿನ ಹಂತದಲ್ಲಿದ್ದು, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದ ಲಕ್ಷಣ ಕಾಣದಿದ್ದಾಗ ಏನು ಮಾಡಬೇಕು? ಮೊದಲ ಆಪರೇಷನ್‌ನಲ್ಲೇ ಆ ಗ್ರಂಥಿಗಳನ್ನೂ ತೆಗೆಯಬೇಕಾ, ಇಲ್ಲಾ ಕಾದು ನೋಡಿ, ಗಂಟು ಕಂಡಾಗ ತೆಗೆದ್ರೆ ಸಾಕಾ? ದಶಕಗಳ ಕಾಲ ಸರ್ಜನ್‌ಗಳು ಇದರ ಮೇಲೆ ವಾದ ಮಾಡಿದ್ರು. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಡಾ. ಅನಿಲ್ ಡಿಕ್ರೂಜ್ ಮತ್ತು ತಂಡ ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಪರೀಕ್ಷೆ ನಡೆಸಿದ್ರು. 500 ಜನರ ಫಲಿತಾಂಶ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ 80. ಕಾದು ನೋಡಿದವರಲ್ಲಿ ಶೇ 67.5. ಆ ಪೇಪರ್‌ಗೆ ಸೈಟೇಶನ್ ರಾಶಿ ಬಿದ್ದಿದೆ, ಬೀಳಲೇಬೇಕಿತ್ತು. ಅದು ಆಪರೇಷನ್ ಮಾಡುವ ರೀತಿಯನ್ನೇ ಬದಲಾಯಿಸಿತು.

ಅಂದ್ರೆ ನಂಬರ್ ನೋಡಿ ನಿಲ್ಲಬೇಡಿ, ನಂಬರ್ ಹಿಂದಿರೋ ಪೇಪರ್ ನೋಡಿ ಅಂತ ನನ್ನ ಮಾತು. ಗೂಗಲ್ ಸ್ಕಾಲರ್ ತೆರೆದಾಗ ಮೂರು ವಿಷಯ ಗಮನಿಸಿ.

ಒಂದು, ಅತಿ ಹೆಚ್ಚು ಸೈಟೇಶನ್ ಇರೋ ಪೇಪರ್‌ನಲ್ಲಿ ಆ ಡಾಕ್ಟರ್ ಹೆಸರು ಎಲ್ಲಿದೆ? ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದ್ದು, ಕೊನೆಯ ಹೆಸರು ಮುಂದೆ ನಿಂತು ನಡೆಸಿದವರದ್ದು. ದೊಡ್ಡ ಅಂತರರಾಷ್ಟ್ರೀಯ ಔಷಧ ಪರೀಕ್ಷೆಗಳಲ್ಲಿ ಹತ್ತಾರು ಹೆಸರು ಇರತ್ತೆ. ನಡುವಿನ ಹೆಸರಿಗೂ ಸೈಟೇಶನ್ ಪೂರ್ತಿ ಸಿಗತ್ತೆ, ಪಾಲು ಹಂಚಲ್ಲ.

ಎರಡು, ಅದು ಹೊಸ ಸಂಶೋಧನೆಯಾ, ಬೇರೆಯವರ ಕೆಲಸವನ್ನ ಒಟ್ಟು ಮಾಡಿ ಬರೆದ ವಿಮರ್ಶಾ ಲೇಖನಾನಾ? ಒಟ್ಟು ಮಾಡಿದ್ದಕ್ಕೆ ಸೈಟೇಶನ್ ಬೇಗ ಬೀಳತ್ತೆ.

ಮೂರು, ತಮ್ಮ ಪೇಪರನ್ನ ತಾವೇ ಎಷ್ಟು ಉಲ್ಲೇಖ ಮಾಡ್ಕೊಂಡಿದ್ದಾರೆ? ಆ ಟಾಪ್ ಶೇ 2 ಪಟ್ಟಿಯಲ್ಲೇ ಸ್ವಂತ ಉಲ್ಲೇಖ ಸೇರಿಸಿ ಒಂದು ಲೆಕ್ಕ, ಬಿಟ್ಟು ಒಂದು ಲೆಕ್ಕ ಕೊಟ್ಟಿರ್ತಾರೆ. ಫಾರ್ವರ್ಡ್ ಮಾಡೋರು ಆ ಕಾಲಮ್ ನೋಡಲ್ಲ ಅಷ್ಟೇ.

ಇನ್ನು ನಮ್ಮ ಕೇಳುಗರ ಪ್ರಶ್ನೆ. ಚಿಕಿತ್ಸೆಗೆ ಡಾಕ್ಟರ್ ಆರಿಸೋವಾಗ ಸೈಟೇಶನ್ ಇಲ್ಲ ಅನ್ನೋದೊಂದೇ ಕಾರಣಕ್ಕೆ ಯಾರನ್ನೂ ಬಿಡಬೇಡಿ. ಬೆಳಗ್ಗಿಂದ ಸಂಜೆವರೆಗೆ ಆಪರೇಷನ್ ಮಾಡುವ ಎಷ್ಟೋ ನುರಿತ ಕೈಗಳು ಪೇಪರ್ ಬರೆದಿಲ್ಲ. ಅದರ ಬದಲು ನೇರವಾಗಿ ಕೇಳಿ. ಈ ಥರದ ಕೇಸ್ ವರ್ಷಕ್ಕೆ ಎಷ್ಟು ಮಾಡ್ತೀರ ಸರ್? ಸರ್ಜನ್, ರೇಡಿಯೇಶನ್, ಕೀಮೋ ಡಾಕ್ಟರ್‌ಗಳು ಒಟ್ಟಿಗೆ ಕೂತು ನಮ್ಮ ಕೇಸ್ ಚರ್ಚೆ ಮಾಡ್ತಾರಾ? ಅದಕ್ಕೆ ಟ್ಯೂಮರ್ ಬೋರ್ಡ್ ಅಂತಾರೆ. ಯಾವ ಹಂತದಲ್ಲಿದೆ, ಎಷ್ಟು ದಿನದಲ್ಲಿ ಚಿಕಿತ್ಸೆ ಶುರು ಆಗತ್ತೆ, ಒಟ್ಟು ಖರ್ಚೆಷ್ಟು? ಕುತ್ತಿಗೆ ಗ್ರಂಥಿ ವಿಷಯ ಏನು ಮಾಡ್ತೀರ? ಪೇಪರ್ ಬರೆಯದ ಡಾಕ್ಟರ್ ಕೂಡ ಪೇಪರ್ ಓದಿರಬೇಕು. ನಮಗೆ ಬೇಕಿರೋದು ಅದು. ಮತ್ತೆ ದಯವಿಟ್ಟು, ನಂಬರ್ ಹೋಲಿಸ್ತಾ ವಾರಗಟ್ಟಲೆ ಕಳೀಬೇಡಿ. ಬಾಯಿ ಕ್ಯಾನ್ಸರ್‌ನಲ್ಲಿ ತಡ ಮಾಡಿದಷ್ಟೂ ನಷ್ಟ.

ಮುಂದೆ ಎಣಿಸೋರು ಯಾರು?

ಇದು ರೋಗಿಗಳ ವಿಷಯ ಮಾತ್ರ ಅಲ್ಲ. ಮೆಡಿಕಲ್ ಕಾಲೇಜುಗಳಲ್ಲಿ ಬಡ್ತಿಗೆ ಪೇಪರ್ ಬೇಕೇ ಬೇಕು. ದುಡ್ಡು ತಗೊಂಡು ಏನು ಕೊಟ್ರೂ ಅಚ್ಚು ಹಾಕುವ ಪತ್ರಿಕೆಗಳು ಅದಕ್ಕೇ ಹುಟ್ಟಿಕೊಂಡಿವೆ. ಇಂಥ ವ್ಯವಸ್ಥೆಯಲ್ಲಿ ಒಬ್ಬ ಯುವ ಡಾಕ್ಟರ್ ಯೋಚನೆ ಮಾಡ್ತಾರೆ: ಆರು ತಿಂಗಳಲ್ಲಿ ಮೂರು ಪೇಪರ್ ಬರೀಲಾ, ಇಲ್ಲಾ ಹತ್ತು ವರ್ಷ ಕೂತು ಲಕ್ಷ್ಮಮ್ಮ, ಲಕ್ಷ್ಮೀದೇವಿ ಒಬ್ಬರೇನಾ ಅಂತ ತಾಳೆ ನೋಡ್ಲಾ? ಎರಡನೆಯದಕ್ಕೆ ಅಂಕ ಇಲ್ಲ ಅಂದ್ರೆ ಯಾರು ಬರ್ತಾರೆ? ಎಣಿಸೋರು ಇಲ್ಲದ ದಿನ ಆ ಹತ್ತಾರು ಸಾವಿರ ಸೈಟೇಶನ್‌ನ ಲೇಖನಗಳಿಗೂ ಭಾರತದ ಸಾಲಿನಲ್ಲಿ ತುಂಬೋಕೆ ಗಟ್ಟಿ ಅಂಕಿ ಇರಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಜ್ಞಾನಿಗಳು, ಪತ್ರಿಕಾ ಸಂಪಾದಕರು ಸೇರಿ ಡೋರಾ ಅನ್ನೋ ಘೋಷಣೆಯ ಕರಡು ಬರೆದ್ರು. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಡ್ಕೊಂಡು ವ್ಯಕ್ತಿಯನ್ನ ತೂಗಬೇಡಿ ಅಂತ ಅದರ ಸಾರ. ಸಹಿ ಹಾಕಿದ ಸಂಸ್ಥೆಗಳು ಬಹಳ, ಅಭ್ಯಾಸ ಬದಲಾಗೋದು ನಿಧಾನ.

ನಾವು ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳಿ ಮುಗಿಸ್ತೀನಿ. ನಿಮ್ಮ ಮನೆಯವರ ಜೊತೆ ಆಸ್ಪತ್ರೆಯಲ್ಲಿದ್ದಾಗ ರಿಜಿಸ್ಟ್ರಿಯವರು ಬಂದು ವಿಳಾಸ, ಎಷ್ಟು ವರ್ಷದಿಂದ ಇಲ್ಲಿದ್ದೀರ, ಹೊಗೆಸೊಪ್ಪಿನ ಅಭ್ಯಾಸ ಇತ್ತಾ ಅಂತ ಕೇಳಬಹುದು. ಗುರುತಿನ ಚೀಟಿ ನೋಡಿ, ಆಸ್ಪತ್ರೆಯವರ ಹತ್ರ ವಿಚಾರಿಸಿ ಖಚಿತ ಮಾಡ್ಕೊಳ್ಳಿ. ದುಡ್ಡು, ಒಟಿಪಿ ಕೇಳಿದ್ರೆ ಅವರು ರಿಜಿಸ್ಟ್ರಿಯವರೇ ಅಲ್ಲ. ಅಸಲಿಯವರಾಗಿದ್ರೆ ಐದು ನಿಮಿಷ ಕೊಟ್ಟು ಸರಿಯಾದ ಉತ್ತರ ಹೇಳಿ. ಆ ಒಂದು ಸಾಲು ಮುಂದೆ ಬನಶಂಕರಿಯಲ್ಲೋ ಬಾಗಲಕೋಟೆಯಲ್ಲೋ ಯಾರದ್ದೋ ತಪಾಸಣೆಗೆ ದಾರಿ ಆಗತ್ತೆ.

ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್ ಪಾಲಿಸಿಯ ಸಣ್ಣ ಅಕ್ಷರಗಳನ್ನ ಓದೋಣ. ಅಲ್ಲೀವರೆಗೆ ಆರೋಗ್ಯ ನೋಡ್ಕೊಳ್ಳಿ. ನಮಸ್ಕಾರ.